ನಾಲ್ಕು ವರ್ಷ ಓದಿದ ಪದವಿಗೆ ಕಾನೂನಿನ ನೆಲೆ ಹುಡುಕಿದ್ದು

2022ರ ಜುಲೈ ತಿಂಗಳಲ್ಲಿ, ಕೊಡಗಿನ ಸಿದ್ದಾಪುರದಲ್ಲಿ ಮೂರು ದಿನಗಳಿಂದ ಕರೆಂಟ್ ಇಲ್ಲದೆ ಮಳೆ ಸುರಿಯುತ್ತಿದ್ದಾಗ, ಅಂಚೆಯವರು ಪ್ಲಾಸ್ಟಿಕ್ ಚೀಲದೊಳಗಿಟ್ಟು ತಂದುಕೊಟ್ಟ ಲಕೋಟೆಯಲ್ಲಿ ನನ್ನ ಎಂ.ಎ. ಅರ್ಜಿ ತಿರಸ್ಕೃತವಾದ ಸುದ್ದಿ ಇತ್ತು. ಕ್ರೈಸ್ತಧರ್ಮದ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂದು ನಾನು ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ಅಭ್ಯರ್ಥಿಯ ಸ್ನಾತಕ ಪದವಿಯು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ್ದಲ್ಲವಾದ್ದರಿಂದ ಪ್ರವೇಶ ನೀಡಲು ಬರುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಬರೆದಿದ್ದರು. ನನ್ನ ಬಿ.ಟಿಎಚ್. (ದೇವಶಾಸ್ತ್ರದ ಸ್ನಾತಕ ಪದವಿ) ಪ್ರಮಾಣಪತ್ರದ ನೆತ್ತಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಯೂನಿವರ್ಸಿಟಿ’ ಎಂದೇ ಅಚ್ಚಾಗಿತ್ತು. ಒಂಬತ್ತು ವರ್ಷಗಳಿಂದ ಅದು ನಮ್ಮ ಮನೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ ಇತ್ತು.

ನನ್ನ ಹಿನ್ನೆಲೆಯನ್ನು ಸ್ವಲ್ಪ ಹೇಳದಿದ್ದರೆ ಆ ಪತ್ರ ನನಗೆ ಯಾಕೆ ಅಷ್ಟು ನಾಟಿತು ಎಂಬುದು ತಿಳಿಯುವುದಿಲ್ಲ. ನಮ್ಮ ತಂದೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ತಾಯಿಯ ಕಡೆಯವರು ಆನಂದಪುರದವರು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ಕೆಲಸ ಮಾಡಿದ ಕಾಲದಿಂದ ನಮ್ಮ ಕುಟುಂಬ ಕ್ರೈಸ್ತ ಸಭೆಯಲ್ಲಿದೆ ಎಂದು ಅಜ್ಜಿ ಹೇಳುತ್ತಿದ್ದರು. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆಯನ್ನು ಹೊರಡಿಸಿದ ಮೊಗ್ಲಿಂಗ್‌ರಿಗೆ ಅವರ ಕನ್ನಡ ಕೆಲಸಕ್ಕಾಗಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತ್ತು ಎಂಬುದನ್ನೂ ಅವರು ಹೆಮ್ಮೆಯಿಂದ ಸೇರಿಸುತ್ತಿದ್ದರು. ಇಂಥ ಮನೆಯಲ್ಲಿ ಒಬ್ಬ ಹುಡುಗ ಪಿಯುಸಿ ಮುಗಿಸಿ ಸತ್ಯವೇದ ಓದಲು ಹೊರಟರೆ ಅದು ಇಡೀ ಮನೆತನದ ಸಂತೋಷ. 2009ರಲ್ಲಿ ನೆರೆಯ ಜಿಲ್ಲೆಯ ಒಂದು ಬೈಬಲ್ ಕಾಲೇಜಿಗೆ ನಾನು ಸೇರಿದಾಗ ಅಪ್ಪ ಎರಡು ವರ್ಷದ ಬೋನಸ್ ಹಣವನ್ನು ಶುಲ್ಕಕ್ಕೆ ಕೊಟ್ಟಿದ್ದರು.

ಆ ಕಾಲೇಜಿನ ಬಗ್ಗೆ ಕೆಟ್ಟ ಮಾತು ಹೇಳಲು ನನಗೆ ಮನಸ್ಸಿಲ್ಲ. ಅಲ್ಲಿ ನಾಲ್ಕು ವರ್ಷ ಗ್ರೀಕ್ ಭಾಷೆಯ ಪ್ರಾಥಮಿಕ ಪಾಠ, ಸಭೆಯ ಚರಿತ್ರೆ, ಪ್ರಸಂಗ ಕಲೆ, ದುಃಖದಲ್ಲಿರುವವರೊಡನೆ ಮಾತಾಡುವ ರೀತಿ ಇವೆಲ್ಲವನ್ನೂ ಪ್ರಾಮಾಣಿಕವಾಗಿ ಕಲಿಸಿದರು. ಇಂದಿಗೂ ಸಾವಿನ ಮನೆಗೆ ಹೋದಾಗ ನನ್ನ ನೆರವಿಗೆ ಬರುವುದು ಅಲ್ಲಿನ ಪಾಠವೇ. ಆದರೆ ಪದವಿಯನ್ನು ಕೊಡುತ್ತಿದ್ದುದು ಆ ಕಾಲೇಜಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ನೋಂದಾಯಿತವಾದ, ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಧಾರ್ಮಿಕ ವಿಶ್ವವಿದ್ಯಾಲಯವೊಂದರ ‘ವಿಸ್ತರಣಾ ಕೇಂದ್ರ’ ನಮ್ಮದು ಎಂದು ಹೇಳುತ್ತಿದ್ದರು. ಹದಿನೆಂಟು ವರ್ಷದ ನಾನಾಗಲಿ, ಲೆಕ್ಕದ ಪುಸ್ತಕವನ್ನು ಒಂದು ಪೈಸೆ ತಪ್ಪದಂತೆ ಬರೆಯುತ್ತಿದ್ದ ನಮ್ಮ ಅಪ್ಪನಾಗಲಿ, ಆ ಮಾತಿನ ಅರ್ಥವೇನೆಂದು ಯಾರನ್ನೂ ಕೇಳಲಿಲ್ಲ.

ಪತ್ರ ಬಂದ ಮುಂದಿನ ವಾರ ನಾನು ಕಾಲೇಜಿಗೆ ಹೋದೆ. ಪ್ರಾಂಶುಪಾಲರು ನನ್ನನ್ನು ಪ್ರೀತಿಯಿಂದಲೇ ಕೂರಿಸಿ, ಊಟ ಹಾಕಿಸಿ, ಕೇಳಿದ ಕಾಗದಗಳ ನಕಲನ್ನೆಲ್ಲ ಕೊಟ್ಟರು. “ನಮ್ಮ ಹತ್ತಿರ ಎಲ್ಲ ಮಾನ್ಯತೆಯೂ ಇದೆಯಪ್ಪಾ, ಅವರಿಗೆ ಸರಿಯಾಗಿ ತೋರಿಸು” ಎಂದರು. ಅವರು ಅದನ್ನು ನಂಬಿಯೇ ಹೇಳುತ್ತಿದ್ದರೆಂದು ನನಗೆ ಈಗಲೂ ಅನಿಸುತ್ತದೆ. ಆ ಕಡತದಲ್ಲಿ ಒಟ್ಟು ಐದು ಕಾಗದಗಳಿದ್ದವು: ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಡೀಡ್, ಆದಾಯ ತೆರಿಗೆಯ 12ಎ ನೋಂದಣಿ, ಒಂದು ಐಎಸ್ಒ ಪ್ರಮಾಣಪತ್ರ, ಫ್ಲಾರಿಡಾ ಸರ್ಕಾರದ ಮುದ್ರೆಯಿದ್ದ ಒಂದು ಪತ್ರ, ಮತ್ತು ‘ಅಂತಾರಾಷ್ಟ್ರೀಯ’ ಎಂಬ ಪದವನ್ನು ಹೆಸರಿನಲ್ಲೇ ಹೊತ್ತಿದ್ದ ಸಂಘವೊಂದು ಆ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದ ಅಕ್ರೆಡಿಟೇಶನ್, ಎಂದರೆ ಶಿಕ್ಷಣದ ಗುಣಮಟ್ಟವನ್ನು ಪರೀಕ್ಷಿಸಿ ಕೊಡುವ ಮನ್ನಣೆಯ, ಪತ್ರ. ಐದಕ್ಕೂ ಮುದ್ರೆ ಇತ್ತು, ಸಹಿ ಇತ್ತು, ಒಂದೂ ನಕಲಿಯಾಗಿರಲಿಲ್ಲ. ಮುಂದಿನ ಹದಿನಾಲ್ಕು ತಿಂಗಳು ನಾನು ಮಾಡಿದ್ದೆಂದರೆ ಈ ಐದು ಕಾಗದಗಳಲ್ಲಿ ಪ್ರತಿಯೊಂದೂ ನಿಜವಾಗಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಒಂದೊಂದಾಗಿ ತಿಳಿದುಕೊಂಡದ್ದು.

ಮೊದಲು ಮಡಿಕೇರಿಯಲ್ಲಿ ನಮ್ಮ ಸಭೆಗೆ ಪರಿಚಯವಿದ್ದ ವಕೀಲರೊಬ್ಬರ ಬಳಿಗೆ ಹೋದೆ. ಅವರು ಟ್ರಸ್ಟ್ ಡೀಡನ್ನೂ 12ಎ ಕಾಗದವನ್ನೂ ನೋಡಿ ಪಕ್ಕಕ್ಕಿಟ್ಟರು. ಟ್ರಸ್ಟ್ ನೋಂದಣಿಯಿಂದ ಒಂದು ಸಂಸ್ಥೆ ಕಾನೂನಿನ ಕಣ್ಣಿಗೆ ಇದೆ ಎಂದಾಗುತ್ತದೆ, ಆಸ್ತಿ ಹೊಂದಬಹುದು, ಪಾಠ ಹೇಳಬಹುದು. 12ಎಯಿಂದ ತೆರಿಗೆಯ ವಿನಾಯಿತಿ ಸಿಗುತ್ತದೆ. ಐಎಸ್ಒ ಎಂದರೆ ಕಚೇರಿಯ ನಿರ್ವಹಣೆಯ ಕ್ರಮಕ್ಕೆ ಸಂಬಂಧಿಸಿದ್ದು. ಈ ಮೂರರಲ್ಲಿ ಯಾವುದರಿಂದಲೂ ಪದವಿ ಕೊಡುವ ಅಧಿಕಾರ ಹುಟ್ಟುವುದಿಲ್ಲ ಎಂದರು. ಆಮೇಲೆ ಕಪಾಟಿನಿಂದ 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಯಿದೆಯನ್ನು ತೆಗೆದು ನನ್ನಿಂದಲೇ ಓದಿಸಿದರು. ಕೇಂದ್ರದ ಇಲ್ಲವೆ ರಾಜ್ಯದ ಕಾಯಿದೆಯೊಂದರ ಮೂಲಕ ಸ್ಥಾಪಿತವಾದದ್ದು ಮಾತ್ರ ವಿಶ್ವವಿದ್ಯಾಲಯ ಎಂದು 2ನೆಯ ಕಲಮಿನ ಎಫ್ ಉಪಕಲಮು ಹೇಳುತ್ತದೆ. ಬೇರೆ ಉನ್ನತ ಶಿಕ್ಷಣ ಸಂಸ್ಥೆಯನ್ನು ಆಯೋಗದ ಸಲಹೆಯ ಮೇರೆಗೆ ಕೇಂದ್ರ ಸರ್ಕಾರ ‘ಪರಿಗಣಿತ ವಿಶ್ವವಿದ್ಯಾಲಯ’ ಎಂದು ಘೋಷಿಸುವುದಕ್ಕೆ 3ನೆಯ ಕಲಮು ದಾರಿ ಮಾಡಿಕೊಡುತ್ತದೆ. ಪದವಿ ನೀಡುವ ಹಕ್ಕು ಈ ಎರಡು ಬಗೆಯವಕ್ಕೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಎಂಬುದು 22ನೆಯ ಕಲಮು. ಕಾಯಿದೆಯ ಮೂಲಕ ಸ್ಥಾಪಿತವಾಗದ ಸಂಸ್ಥೆ ತನ್ನ ಹೆಸರಿನಲ್ಲಿ ‘ಯೂನಿವರ್ಸಿಟಿ’ ಎಂಬ ಪದವನ್ನು ಬಳಸುವಂತಿಲ್ಲ ಎಂಬುದು 23ನೆಯದು. ಇವನ್ನು ಮೀರಿದವರಿಗೆ 24ನೆಯ ಕಲಮು ವಿಧಿಸಿರುವ ದಂಡದ ಮಿತಿ 1000 ರೂಪಾಯಿ. ನಾಲ್ಕು ವರ್ಷಗಳ ಆಯುಷ್ಯವನ್ನು ಕಳೆದುಕೊಳ್ಳುವ ವಿದ್ಯಾರ್ಥಿಯ ನಷ್ಟದ ಮುಂದೆ ಈ ಮೊತ್ತವನ್ನು ಇಟ್ಟು ನೋಡಿದಾಗ ಅಂದು ನನಗಾದ ನೋವು ಇನ್ನೂ ಹೋಗಿಲ್ಲ.

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆಯಲ್ಲ, ಅದರಿಂದ ನಮಗೆ ರಕ್ಷಣೆ ಇಲ್ಲವೆ ಎಂದು ನಾನು ಕೇಳಿದೆ. ಇದು ನಮ್ಮ ಸಭೆಗಳಲ್ಲಿ ಬಹಳ ಜನ ಕೇಳುವ ಪ್ರಶ್ನೆ. ವಕೀಲರು ಅಲಿಗಢದ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ 1967ರ ಅಜೀಜ್ ಬಾಷಾ ತೀರ್ಪನ್ನು ವಿವರಿಸಿದರು. 30ನೆಯ ವಿಧಿಯ ‘ಶಿಕ್ಷಣ ಸಂಸ್ಥೆ’ ಎಂಬ ಮಾತಿನಲ್ಲಿ ವಿಶ್ವವಿದ್ಯಾಲಯವೂ ಸೇರುತ್ತದೆ, ಆದರೆ ಸರ್ಕಾರ ತನ್ನ ಪದವಿಯನ್ನು ಒಪ್ಪಲೇಬೇಕೆಂದು ಒತ್ತಾಯಿಸಬೇಕಾದರೆ ಕಾಯಿದೆಯ ಬೆಂಬಲ ಬೇಕು ಎಂಬುದು ಅದರಲ್ಲಿದ್ದ ವಿಚಾರ. ಆ ತೀರ್ಪನ್ನು 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು-ಮೂರರ ಬಹುಮತದಿಂದ ತಳ್ಳಿಹಾಕಿತು; ಕಾಯಿದೆಯ ಮೂಲಕ ರೂಪ ಪಡೆದ ಮಾತ್ರಕ್ಕೆ ಒಂದು ಸಂಸ್ಥೆಯ ಅಲ್ಪಸಂಖ್ಯಾತ ಸ್ವರೂಪ ಇಲ್ಲವಾಗುವುದಿಲ್ಲ ಎಂದಿತು. ಆ ದಿನ ನಾನು ವಕೀಲರಿಗೆ ಫೋನ್ ಮಾಡಿ ಇದರಿಂದ ನಮ್ಮಂಥವರಿಗೇನಾದರೂ ಆಯಿತೆ ಎಂದು ಕೇಳಿದ್ದೂ ಉಂಟು. ಸಂಸ್ಥೆ ಯಾರದು ಎಂಬುದು ಒಂದು ಪ್ರಶ್ನೆ, ಅದಕ್ಕೆ ಪದವಿ ಕೊಡುವ ಅಧಿಕಾರ ಎಲ್ಲಿಂದ ಬಂತು ಎಂಬುದು ಇನ್ನೊಂದು ಪ್ರಶ್ನೆ, ಎರಡನ್ನೂ ಬೆರೆಸಬಾರದು ಎಂದು ಅವರು ಹೇಳಿದರು.

ರಾಜ್ಯವೊಂದು ಕಾಯಿದೆ ಮಾಡಿದ ಮಾತ್ರಕ್ಕೇ ಎಲ್ಲವೂ ಸರಿಯಾಗುವುದಿಲ್ಲ ಎಂಬುದಕ್ಕೆ ಅವರು ಛತ್ತೀಸ್‌ಗಢದ ಉದಾಹರಣೆ ಕೊಟ್ಟರು. ಅಲ್ಲಿನ 2002ರ ಕಾಯಿದೆಯ ಅಡಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಕೇವಲ ಅಧಿಸೂಚನೆಗಳಿಂದ ಹುಟ್ಟಿಕೊಂಡಿದ್ದವು. ಪ್ರೊ. ಯಶ್‌ಪಾಲ್ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2005ರ ಫೆಬ್ರವರಿಯಲ್ಲಿ ಆ ಕಲಮುಗಳನ್ನು ರದ್ದುಪಡಿಸಿದಾಗ ಅವೆಲ್ಲವೂ ಒಂದೇ ದಿನದಲ್ಲಿ ಇಲ್ಲವಾದವು.

ಉಳಿದದ್ದು ಅಮೆರಿಕದ ಎರಡು ಕಾಗದಗಳು. ಮಡಿಕೇರಿಯ ಪ್ರಧಾನ ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಂಡು, ಮಾಹಿತಿ ಹಕ್ಕಿನ ಅಡಿ ಯುಜಿಸಿಗೆ ಒಂದು ಅರ್ಜಿ ಕಳಿಸಿದೆ. ತಿಂಗಳೊಳಗೆ ಉತ್ತರ ಬಂತು: ಆ ಹೆಸರಿನ ಸಂಸ್ಥೆ ತಮ್ಮ ಪಟ್ಟಿಯಲ್ಲಿಲ್ಲ, ಅದಕ್ಕೆ ಭಾರತದಲ್ಲಿ ಕೇಂದ್ರ ನಡೆಸಲು ಅನುಮತಿ ಕೊಟ್ಟ ದಾಖಲೆಯೂ ಇಲ್ಲ. ವಿದೇಶಿ ಪದವಿಗಳ ಸಮಾನತೆಯನ್ನು ಆಗ ನೋಡುತ್ತಿದ್ದುದು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ. ಪದವಿ ಕೊಟ್ಟ ಸಂಸ್ಥೆ ತನ್ನ ದೇಶದಲ್ಲೇ ಮಾನ್ಯತೆ ಪಡೆದಿರಬೇಕು ಎಂಬುದು ಅವರ ಮೊದಲ ಷರತ್ತಾಗಿತ್ತು. ಹಾಗಾಗಿ ಎಲ್ಲವೂ ಫ್ಲಾರಿಡಾದ ಆ ಪತ್ರದ ಮೇಲೆ ನಿಂತಿತು.

ಆ ಪತ್ರವನ್ನು ನಾನು ಅದುವರೆಗೆ ಕನಿಷ್ಠ ಇಪ್ಪತ್ತು ಸಲ ನೋಡಿದ್ದೆ, ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಫ್ಲಾರಿಡಾದಲ್ಲಿ ಖಾಸಗಿ ಕಾಲೇಜುಗಳಿಗೆ ಪರವಾನಗಿ ಕೊಡಲು ಒಂದು ಆಯೋಗವಿದೆ. ಅಲ್ಲಿನ ಕಾಯಿದೆ ಧಾರ್ಮಿಕ ಕಾಲೇಜುಗಳನ್ನು ಆ ಪರವಾನಗಿಯಿಂದ ಹೊರಗಿಟ್ಟಿದೆ. ಸಂಸ್ಥೆಯ ಹೆಸರಿನಲ್ಲಿ ಧಾರ್ಮಿಕ ಗುರುತಿರಬೇಕು, ಧಾರ್ಮಿಕ ವೃತ್ತಿಗೆ ಸಿದ್ಧಪಡಿಸುವ ಶಿಕ್ಷಣವನ್ನಷ್ಟೇ ಕೊಡಬೇಕು, ಪದವಿಯ ಹೆಸರು ಲೌಕಿಕ ಪದವಿಯೊಡನೆ ಗೊಂದಲವಾಗದಂತೆ ಧಾರ್ಮಿಕ ವಿಶೇಷಣವನ್ನು ಹೊಂದಿರಬೇಕು. ಇವನ್ನು ಪಾಲಿಸುತ್ತೇವೆಂದು ಸಂಸ್ಥೆ ಪ್ರಮಾಣ ಮಾಡಿ ಬರೆದುಕೊಟ್ಟರೆ ಆಯೋಗ ವಿನಾಯಿತಿಯ ಪತ್ರ ಕೊಡುತ್ತದೆ. ನಮ್ಮ ಕಡತದಲ್ಲಿದ್ದದ್ದು ಅದೇ ಪತ್ರ. ನಾವು ಸರ್ಕಾರದ ಮಾನ್ಯತೆ ಎಂದು ತಿಳಿದಿದ್ದ ಕಾಗದವು ಸರ್ಕಾರ ಈ ಸಂಸ್ಥೆಯ ಪಾಠವನ್ನು ಪರೀಕ್ಷಿಸುವುದಿಲ್ಲ ಎಂದು ಹೇಳುವ ಕಾಗದವಾಗಿತ್ತು.

ಆ ವಿನಾಯಿತಿಯ ಹಿಂದೆ ಇರುವ ತತ್ವವನ್ನು ನಾನು ಗೌರವಿಸುತ್ತೇನೆ. ಯಾವ ದೇವಶಾಸ್ತ್ರ ಸರಿ, ಯಾವುದನ್ನು ಎಷ್ಟು ಗಂಟೆ ಕಲಿಸಬೇಕು ಎಂದು ಸರ್ಕಾರ ತೀರ್ಮಾನಿಸತೊಡಗಿದರೆ ಧರ್ಮದ ಸ್ವಾತಂತ್ರ್ಯಕ್ಕೆ ಅರ್ಥವಿರುವುದಿಲ್ಲ. ಟೆಕ್ಸಾಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ 2007ರಲ್ಲಿ, ರಾಜ್ಯದ ಒಪ್ಪಿಗೆಯಿಲ್ಲದೆ ಸೆಮಿನರಿ ಎಂಬ ಹೆಸರನ್ನು ಬಳಸಬಾರದು, ದೇವಶಾಸ್ತ್ರದ ಪದವಿ ಕೊಡಬಾರದು ಎಂಬ ನಿರ್ಬಂಧವನ್ನು ಇಂಥದೇ ಕಾರಣಕ್ಕೆ ಒಪ್ಪಲಿಲ್ಲ. ಆದರೆ ಸರ್ಕಾರ ನನ್ನನ್ನು ಪರೀಕ್ಷಿಸಬಾರದು ಎಂದು ಕೇಳಿ ಪಡೆದವರು, ಸರ್ಕಾರ ನನ್ನನ್ನು ಪರೀಕ್ಷಿಸಿ ಒಪ್ಪಿದೆ ಎಂದು ಸಿದ್ದಾಪುರದ ಲೈನ್‌ಮನೆಯ (ತೋಟದ ಕೂಲಿಕಾರರ ಸಾಲುಮನೆ) ತಂದೆತಾಯಿಗಳಿಗೆ ಹೇಳಬಾರದು. ಸಮುದ್ರ ದಾಟಿ ಬರುವಾಗ ಆ ಪತ್ರದ ಅರ್ಥವೇ ತಲೆಕೆಳಗಾಗಿತ್ತು.

ಐದನೆಯ ಕಾಗದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರ ಯಾವ ಕಾಲೇಜಿಗೂ ತಾನೇ ಅಕ್ರೆಡಿಟೇಶನ್ ಕೊಡುವುದಿಲ್ಲ. ಅದನ್ನು ಕೊಡುವ ಖಾಸಗಿ ಸಂಸ್ಥೆಗಳನ್ನು ಅಲ್ಲಿನ ಶಿಕ್ಷಣ ಇಲಾಖೆಯೂ ಚಿಯಾ ಎಂಬ ಮಂಡಳಿಯೂ ಪರಿಶೀಲಿಸಿ ಪಟ್ಟಿ ಮಾಡುತ್ತವೆ. ಧಾರ್ಮಿಕ ಶಿಕ್ಷಣಕ್ಕೆಂದೇ ಎಟಿಎಸ್, ಟ್ರಾಕ್ಸ್ ಮುಂತಾದ ಮನ್ನಣೆ ಪಡೆದ ಸಂಸ್ಥೆಗಳಿವೆ. ಸ್ವತಂತ್ರ ಧಾರ್ಮಿಕ ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಅವುಗಳ ಪರೀಕ್ಷೆಗೆ ಒಳಪಡಬಹುದು, ಹಲವು ಒಳಪಟ್ಟೂ ಇವೆ. ನಮ್ಮ ವಿಶ್ವವಿದ್ಯಾಲಯಕ್ಕೆ ಪತ್ರ ಕೊಟ್ಟ ಸಂಘ ಎರಡು ಪಟ್ಟಿಗಳಲ್ಲೂ ಇರಲಿಲ್ಲ. ನಮ್ಮಲ್ಲಿ ಇದೇ ಕೆಲಸ ಮಾಡುವ ನ್ಯಾಕ್ 1994ರಿಂದ ಬೆಂಗಳೂರಿನಲ್ಲಿದೆ. ಅಲ್ಲಿಯೂ ಪದವಿಗೆ ಕಾನೂನಿನ ಆಧಾರವಿರುವ ಸಂಸ್ಥೆ ಮಾತ್ರ ಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದಾದ್ದರಿಂದ, ಅಡಿಪಾಯವೇ ಇಲ್ಲದ ನಮ್ಮ ಕಾಲೇಜಿಗೆ ಆ ಬಾಗಿಲು ತೆರೆಯುವಂತಿರಲಿಲ್ಲ.

ಆ ದಿನಗಳಲ್ಲಿ ಸಭೆಯ ಕೆಲಸಕ್ಕೆಂದು ಕುಶಾಲನಗರಕ್ಕೆ ಹೋದವನು ಕಾವೇರಿಯ ಸೇತುವೆ ದಾಟಿ ಬೈಲಕುಪ್ಪೆಗೆ ಹೋಗಿದ್ದೆ. ಅಲ್ಲಿನ ಸೆರಾ ಎಂಬ ಟಿಬೆಟನ್ ಬೌದ್ಧ ವಿಹಾರದ ಒಬ್ಬ ಗೆಶೆ ನನಗೆ ಮೊದಲಿನಿಂದ ಪರಿಚಯ. ಕುಶಾಲನಗರದ ಸಂತೆಯಲ್ಲಿ ಕಲಿತ ಕನ್ನಡದಲ್ಲೇ ಮಾತಾಡುತ್ತಾರೆ. ಗೆಶೆ ಎಂಬುದು ಇಪ್ಪತ್ತು ವರ್ಷಗಳ ಹತ್ತಿರ ಓದಿ, ಅಂಗಳದಲ್ಲಿ ಎಲ್ಲರೆದುರು ತರ್ಕವಾದ ಮಾಡಿ ಗೆದ್ದವರಿಗೆ ಸಿಗುವ ಬಿರುದು. ನನ್ನ ಕಥೆ ಕೇಳಿ ಅವರು, “ನಮ್ಮ ಗೆಶೆಗೆ ದೆಹಲಿಯ ಮುದ್ರೆ ಬೇಡ, ನಮ್ಮ ಗುರುಗಳು ಒಪ್ಪಿದರೆ ಸಾಕು. ಕೆಲಸಕ್ಕೆ ಡಿಗ್ರಿ ಬೇಕು ಎನ್ನುವವರು ಸಾರನಾಥಕ್ಕೆ ಹೋಗುತ್ತಾರೆ” ಎಂದರು. ಸಾರನಾಥದಲ್ಲಿ 1967ರಲ್ಲಿ ಆರಂಭವಾದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಗಿ, ಅದೇ ಪರಂಪರೆಯ ವಿದ್ಯೆಗೆ ಶಾಸ್ತ್ರಿ, ಆಚಾರ್ಯ ಪದವಿಗಳನ್ನು ಕಾನೂನುಬದ್ಧವಾಗಿ ಕೊಡುತ್ತಿದೆ. ಒಂದೇ ವಿದ್ಯೆಗೆ ಎರಡು ದಾರಿಗಳಿವೆ, ಯಾವ ದಾರಿ ಎಲ್ಲಿಗೆ ಹೋಗುತ್ತದೆಂದು ಹೊಸದಾಗಿ ಸೇರುವ ಮಗುವಿಗೂ ಗೊತ್ತಿದೆ. ನಾನು ಅಸೂಯೆಪಟ್ಟದ್ದು ಅವರ ಪದವಿಗಲ್ಲ, ಈ ತಿಳಿವಿಗೆ.

ನಮ್ಮವರಲ್ಲೂ ಅಂಥ ದಾರಿ ಬಹಳ ಹಿಂದೆಯೇ ಆಗಿತ್ತೆಂಬುದು ಮಂಗಳೂರಿನ ಬಲ್ಮಠಕ್ಕೆ ಹೋದಾಗ ತಿಳಿಯಿತು. ಅಲ್ಲಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪದವಿಯನ್ನು ಕೊಡುವುದು ಬಂಗಾಳದ ಶ್ರೀರಾಂಪುರ ಕಾಲೇಜಿನ ಸೆನೆಟ್. ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು 1818ರಲ್ಲಿ ಕಟ್ಟಿದ ಕಾಲೇಜು ಅದು. ಆಗ ಶ್ರೀರಾಂಪುರ ಡೆನ್ಮಾರ್ಕಿನ ವಸಾಹತಾಗಿದ್ದುದರಿಂದ ಪದವಿ ಕೊಡುವ ಅಧಿಕಾರವನ್ನು ಅವರು 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್‌ನ ಸನ್ನದಿನ ಮೂಲಕ ಪಡೆದರು. ಊರು ಬ್ರಿಟಿಷರ ಕೈಗೆ ಹೋದ ಮೇಲೆ 1918ರಲ್ಲಿ ಬಂಗಾಳದ ಶಾಸನಸಭೆ ಅದಕ್ಕೊಂದು ಕಾಯಿದೆಯನ್ನೇ ಮಾಡಿತು. ನೂರು ವರ್ಷಗಳ ಹಿಂದೆಯೇ ಧಾರ್ಮಿಕ ವಿದ್ಯೆಯ ಹಿರಿಯರು ಸನ್ನದು, ಕಾಯಿದೆ ಎಂದು ಅಷ್ಟೊಂದು ಕಾಳಜಿ ವಹಿಸಿದ್ದರೆಂದು ಓದಿದಾಗ, ನಾನು 2009ರಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಸೇರಿದ್ದು ಮನಸ್ಸಿಗೆ ಬಂದು ಬಹಳ ಹೊತ್ತು ಆ ಆವರಣದ ಮರದ ಕೆಳಗೆ ಕುಳಿತಿದ್ದೆ. ಕಚೇರಿಯಲ್ಲಿದ್ದ ಅಯ್ಯನವರು ಇನ್ನೊಂದು ಮಾತನ್ನೂ ಹೇಳಿದರು: ಶ್ರೀರಾಂಪುರದ ದೇವಶಾಸ್ತ್ರ ಪದವಿಯಾದ ಬಿ.ಡಿ.ಯನ್ನೇ ಇಟ್ಟುಕೊಂಡು ಲೌಕಿಕ ವಿಶ್ವವಿದ್ಯಾಲಯಕ್ಕೆ ಹೋಗುವವರು ಕೂಡ, ಆ ವಿಶ್ವವಿದ್ಯಾಲಯ ಆ ನಿರ್ದಿಷ್ಟ ಕೋರ್ಸಿಗೆ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಬಾಯಿಮಾತನ್ನು ನಂಬಬಾರದು.

2023ರ ಸೆಪ್ಟೆಂಬರಿನಲ್ಲಿ ಎಲ್ಲ ಉತ್ತರಗಳನ್ನು ಜೋಡಿಸಿಕೊಂಡು ಮತ್ತೆ ನನ್ನ ಕಾಲೇಜಿಗೆ ಹೋದೆ. ಪ್ರಾಂಶುಪಾಲರ ಮುಂದೆ ಐದು ಕಾಗದಗಳನ್ನಿಟ್ಟು, ಪ್ರತಿಯೊಂದರ ಕೆಳಗೆ ಅದು ಏನನ್ನು ಹೇಳುವುದಿಲ್ಲ ಎಂದು ಬರೆದಿದ್ದ ನನ್ನ ಚೀಟಿಯನ್ನಿಟ್ಟೆ. ಕೋಪ ಮಾಡಿಕೊಳ್ಳಬಹುದೆಂದು ಹೆದರಿದ್ದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಸುಮ್ಮನಿದ್ದು, “ನಾನು ಓದಿದ್ದೂ ಇದೇ ಯೂನಿವರ್ಸಿಟಿಯಲ್ಲಿ” ಎಂದರು. ಮುಂದಿನ ವರ್ಷದ ವಿವರಣಾ ಪುಸ್ತಿಕೆಯಲ್ಲಿ ಒಂದು ವಾಕ್ಯ ಸೇರಿಸಬೇಕೆಂದು ಬೇಡಿಕೊಂಡೆ: ಇಲ್ಲಿನ ಪ್ರಮಾಣಪತ್ರ ಸಭಾಸೇವೆಗಾಗಿ ಕೊಡುವಂಥದು, ಇದು 1956ರ ಕಾಯಿದೆಯ ಪ್ರಕಾರ ಪದವಿಯಲ್ಲ. ಅಮೆರಿಕದವರನ್ನು ಕೇಳಬೇಕು, ಟ್ರಸ್ಟಿಗಳನ್ನು ಕೇಳಬೇಕು ಎಂದರು. 2024ರ ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಆ ವಾಕ್ಯದ ಮೊದಲ ಅರ್ಧ ಮಾತ್ರ ಇತ್ತು. ಮುಖಪುಟದಲ್ಲಿ ‘ಯೂನಿವರ್ಸಿಟಿ’ ಹಾಗೆಯೇ ಇತ್ತು. ಉಳಿದ ಅರ್ಧಕ್ಕಾಗಿ ನಾನು ಟ್ರಸ್ಟಿಗಳಿಗೆ ಎರಡು ಪತ್ರ ಬರೆದಿದ್ದೇನೆ, ಮೂರನೆಯದನ್ನೂ ಬರೆಯುತ್ತೇನೆ.

ನಾನು ಈಗ ಮುಕ್ತ ವಿಶ್ವವಿದ್ಯಾಲಯವೊಂದರಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೇನೆ. ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಹೆಸರನ್ನೂ, ಆ ಕೋರ್ಸಿನ ಹೆಸರನ್ನೂ, ಆ ಶೈಕ್ಷಣಿಕ ವರ್ಷವನ್ನೂ ಬೇರೆ ಬೇರೆಯಾಗಿ ನೋಡಿ, ಪುಟವನ್ನು ಪ್ರಿಂಟ್ ತೆಗೆಸಿಟ್ಟುಕೊಂಡೆ. ಗೋಡೆಯ ಮೇಲಿನ ಚೌಕಟ್ಟನ್ನು ಅಮ್ಮ ಇಳಿಸಲು ಬಿಟ್ಟಿಲ್ಲ. ನಾಲ್ಕು ವರ್ಷ ನೀನು ಓದಿದ್ದು ಸುಳ್ಳಲ್ಲವಲ್ಲ ಎನ್ನುತ್ತಾರೆ.

ಕಳೆದ ಮೇ ತಿಂಗಳ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ತೋಟದ ಲೈನ್‌ಮನೆಯ ಹುಡುಗನೊಬ್ಬ ಅದೇ ಕಾಲೇಜಿನ ಪುಸ್ತಿಕೆ ಹಿಡಿದುಕೊಂಡು ಬಂದ. ಪಿಯುಸಿ ಪಾಸಾಗಿದ್ದ. ಜಗಲಿಯಲ್ಲಿ ಕೂರಿಸಿಕೊಂಡು ಎರಡು ಗಂಟೆ ಎಲ್ಲವನ್ನೂ ತೋರಿಸಿದೆ. ಕೊನೆಗೆ ಅವನು, “ಹಾಗಾದರೆ ಸೇರಬೇಡ ಅಂತೀರಾ ಅಣ್ಣಾ?” ಎಂದು ಕೇಳಿದ. ಸತ್ಯವೇದ ಕಲಿಯುವುದಕ್ಕಾದರೆ ಸೇರು, ಒಳ್ಳೆಯ ಗುರುಗಳಿದ್ದಾರೆ, ಆದರೆ ಜೊತೆಗೆ ಇದಕ್ಕೂ ಸೇರು ಎಂದು ಮುಕ್ತ ವಿಶ್ವವಿದ್ಯಾಲಯದ ಅರ್ಜಿಯನ್ನು ಮುಂದಿಟ್ಟೆ. ಎರಡಕ್ಕೂ ಶುಲ್ಕ ಹೊಂದಿಸಲು ಅವರ ತಂದೆಗೆ ಆಗುತ್ತದೆಯೇ ಎಂದು ಇಬ್ಬರೂ ಕುಳಿತು ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆವು.